ಹೆಂಡತಿಯ ಹಾವಿಗೊಂದು ಬೆಚ್ಚನೆಯ ಡಬ್ಬ

ಹೆಂಡತಿ ಸಮುದ್ರದಾಚೆಯ ಸಬಾಕ್ಕೆ ಕೆಲಸಕ್ಕೆ ಹೊರಟಾಗ ಮಲೇಷ್ಯಾದ ಪುಚೊಂಗಿನ ನಮ್ಮ ಮನೆಯಲ್ಲಿ ಉಳಿದದ್ದು ಎರಡೇ ಜೀವ, ನಾನು ಮತ್ತು ಅವಳ ಹಾವು.

ಹೆಬ್ಬಾವಿನ ಜಾತಿಯದು, ಆದರೆ ತೋಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಡುತ್ತದೆ. ಊರು ಬಿಟ್ಟು ಹೋಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಸಾಕುವ ಪರ್ಮಿಟ್ ಸಮೇತ ನನ್ನ ಹೆಂಡತಿಯ ಕೈಗೆ ಕೊಟ್ಟಿದ್ದಳು. ಇವಳು ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಕಲಿಸುವವಳು, ಉಡುಪಿ ಕಡೆಯವಳು. ಅವಳ ತವರಿನ ಹಿತ್ತಲಲ್ಲಿ ನಾಗಬನವಿತ್ತು. ಚಿಕ್ಕಂದಿನಲ್ಲಿ ದೂರ ನಿಂತು ಕೈಮುಗಿ, ಹತ್ತಿರ ಹೋಗಬೇಡ ಎಂದೇ ಬೆಳೆಸಿದ್ದರು. ಹಾಗಾಗಿಯೇ ಒಮ್ಮೆ ಮುಟ್ಟಿ ನೋಡುವ ಆಸೆ ಉಳಿದುಬಿಟ್ಟಿತ್ತು ಎನ್ನುತ್ತಿದ್ದಳು. ನಾನು ಮೈಸೂರಿನವನು, ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆ ಕಂಪನಿಯ ನೌಕರ. ಹಾವಿಗೂ ನನಗೂ ನಡುವೆ ಗಾಜಿನ ತೊಟ್ಟಿ ಇದೆಯಲ್ಲ ಎಂಬ ಒಂದೇ ಧೈರ್ಯದಲ್ಲಿ ಅದರೊಂದಿಗೆ ಸಂಸಾರ ಮಾಡಿದ್ದೆ.

ಸಬಾದ ಕಾಲೇಜಿನಲ್ಲಿ ಅವಳಿಗೆ, ಮೊದಲಿಗೆ ಸ್ವಲ್ಪ ಕಾಲದ ಮಟ್ಟಿಗೆ ಎಂದು, ವಿಭಾಗದ ಮುಖ್ಯಸ್ಥೆಯ ಹುದ್ದೆ ಸಿಕ್ಕಿತು. ಅವಳು ಬಹಳ ವರ್ಷ ಕಾದಿದ್ದ ಕೆಲಸ, ಹೋಗಬೇಡ ಎನ್ನುವ ಮಾತೇ ಇರಲಿಲ್ಲ. ಹಾವನ್ನು ಸಮುದ್ರ ದಾಟಿಸಲು ಬೇರೆ ಅನುಮತಿ ಬೇಕಿತ್ತು, ಅದು ಸಿಗಲಿಲ್ಲ. ನೀರು ಬದಲಿಸುವುದು, ಫ್ರೀಜರಿನಲ್ಲಿಟ್ಟ ಸತ್ತ ಇಲಿಯ ಹಿಮ ಕರಗಿಸಿ ಚಿಮ್ಮಟದಲ್ಲಿ ಹಿಡಿದು ಕೊಡುವುದು ಎಲ್ಲವನ್ನೂ ನನಗೆ ಹೇಳಿಕೊಟ್ಟು ಹೋದಳು.

ಅವಳು ಹೋದ ಮೇಲೆ ಮಲಗುವ ಕೋಣೆಯಲ್ಲಿ ನನಗೆ ನಿದ್ದೆ ಬರದಾಯಿತು. ಹಾವಿನ ತೊಟ್ಟಿಯೂ ಇದ್ದ ಹಾಲಿನಲ್ಲಿ, ಸೋಫಾದ ಮೇಲೆ ಏಸಿ ಹಾಕಿಕೊಂಡು ಮಲಗತೊಡಗಿದೆ. ಟಿವಿ ಸದ್ದು, ಏಸಿ ಸದ್ದು, ಏನಾದರೊಂದು ಸದ್ದು ಇರಬೇಕಿತ್ತು. ಕೆಲವು ವಾರಗಳಲ್ಲಿ ಹಾವು ತಿನ್ನುವುದನ್ನು ನಿಲ್ಲಿಸಿತು. ಉಸಿರಾಡುವಾಗ ಸಣ್ಣಗೆ ಟಿಕ್ ಎನ್ನುವುದೂ ಕೇಳಿಸಿತು. ತೊಟ್ಟಿಯನ್ನೇ ಎತ್ತಿ ಕಾರಿನಲ್ಲಿಟ್ಟುಕೊಂಡು ಪೆಟಾಲಿಂಗ್ ಜಯಾದ ಪ್ರಾಣಿವೈದ್ಯೆಯ ಹತ್ತಿರ ಹೋದೆ. ಅದಕ್ಕೆ ಅವಳ ನೆನಪು ಕಾಡುತ್ತಿರಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ, ವೈದ್ಯೆಗೂ ಹಾಗೆಯೇ ಹೇಳಿದೆ. ಆಕೆ ನಗಲಿಲ್ಲ. "ಅಂಕಲ್, ಇಟ್ಸ್ ಜಸ್ಟ್ ಕೋಲ್ಡ್ ಲಾ" ಎಂದರು, ಇಲ್ಲಿಯವರ ಮಾತಿನ ಬಾಲದ 'ಲಾ' ಸಮೇತ; ಅದಕ್ಕೆ ಚಳಿಯಾಗಿದೆ, ಅಷ್ಟೇ. ಔಷಧಿ ಕೊಟ್ಟು, ನಾಲ್ಕೂ ಕಡೆ ಬಯಲಾದ ಗಾಜಿನ ತೊಟ್ಟಿಯಲ್ಲಿ ಕಾವೂ ನಿಲ್ಲುವುದಿಲ್ಲ, ಹಾವಿಗೆ ನೆಮ್ಮದಿಯೂ ಇಲ್ಲ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಬೆಚ್ಚಗಿಡಿ ಎಂದರು. ಬಾಗಿಲು ತೆರೆದರೆ ಬೆವರಿಳಿಯುವ ಈ ದೇಶದಲ್ಲಿ ನಾನೊಬ್ಬ ಹಾವಿಗೆ ಚಳಿ ಹಿಡಿಸಿದ್ದೆ.

ಅದುವರೆಗೆ ನಮ್ಮ ಫೋನ್ ಮಾತು ಬಡವಾಗಿತ್ತು. ಊಟ ಆಯ್ತಾ, ಮಳೆ ಇದೆಯಾ, ಸುಸ್ತಾಗಿದೆ, ಇಡಲಾ. ಒಂದೇ ಮನೆಯಲ್ಲಿದ್ದಾಗ ಮಾತಿಲ್ಲದೆಯೇ ಕಳೆದುಹೋಗುತ್ತಿದ್ದ ಸಂಜೆಗಳನ್ನು ಫೋನಿನಲ್ಲಿ ಮಾತಿನಿಂದಲೇ ತುಂಬಬೇಕಾದಾಗ ಇಬ್ಬರಿಗೂ ಬರುತ್ತಿರಲಿಲ್ಲ. ಡಬ್ಬದ ವಿಷಯ ಬಂದದ್ದೇ ಅವಳ ದನಿ ಬದಲಾಯಿತು. ಅಳತೆ ಹೇಳಿದಳು. ಪ್ಲಾಸ್ಟಿಕ್ ಅಂಗಡಿಯ ತಮಿಳು ಹೆಂಗಸು ಅಕ್ಕಿಗೋ ಬಟ್ಟೆಗೋ ಎಂದು ಕೇಳಿದಾಗ ನಾನು ಬಟ್ಟೆಗೆ ಎಂದೆನೆಂದು ತಿಳಿಸಿದರೆ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು.

ಶನಿವಾರ ಬೆಳಗ್ಗೆ ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಅವಳು ಅಲ್ಲಿ ಕಾಫಿ ಲೋಟ ಹಿಡಿದು ಕೂತು, ನಾನು ಇಲ್ಲಿ ನೆಲದ ಮೇಲೆ ಕೂತು ಕೆಲಸ ಶುರುಮಾಡಿದೆವು. ಗಾಳಿಗೆ ತೂತುಗಳನ್ನು ಬೆಸುಗೆ ಕಡ್ಡಿಯಿಂದ ಸುಟ್ಟು ಮಾಡಬೇಕು, ಅದೂ ಒಳಗಿನಿಂದ ಹೊರಕ್ಕೆ. ಚೂಪಾದ ಅಂಚು ಒಳಗೆ ಉಳಿದರೆ ಹಾವಿನ ಮೈ ತರಚುತ್ತದೆ. ಡಬ್ಬದ ಒಂದು ತುದಿಯ ಕೆಳಗೆ, ಮೂರರಲ್ಲಿ ಒಂದು ಭಾಗಕ್ಕೆ ಮಾತ್ರ, ಬಿಸಿಯಾಗುವ ಚಾಪೆ. ಕಾವು ಬೇಕೆನಿಸಿದರೆ ಆ ಕಡೆಗೆ ಹೋಗಲಿ, ಸಾಕೆನಿಸಿದರೆ ಈ ಕಡೆ ಸರಿಯಲಿ. ಚಾಪೆ ಹದ ಮೀರಿ ಕಾಯದಂತೆ ಥರ್ಮೋಸ್ಟಾಟು. ಡಬ್ಬ ನೆಲಕ್ಕೆ ಒತ್ತಿ ಕೂರದಂತೆ ನಾಲ್ಕು ಮೂಲೆಗೂ ರಬ್ಬರಿನ ಕಾಲು. ಒಳಗೆ ತೆಂಗಿನ ನಾರಿನ ಪುಡಿ, ಅಡಗಲು ಎರಡು ಗೂಡು, ತಂಪಿನ ಕಡೆ ನೀರಿನ ಬಟ್ಟಲು. ಹಾವನ್ನು ಬಿಡುವ ಮೊದಲು ಒಂದು ದಿನವಿಡೀ ಡಬ್ಬವನ್ನು ಖಾಲಿಯೇ ಕಾಯಿಸಿ ನೋಡಬೇಕಿತ್ತು.

ಮರುದಿನ ಮತ್ತೆ ಕರೆ ಮಾಡಿ ಉಷ್ಣಮಾಪಕ ತೋರಿಸಿದೆ. ಎಲ್ಲ ಸರಿಯಾಗಿತ್ತು. ಅವಳು ಮಾತ್ರ ಫೋನನ್ನು ಸ್ವಲ್ಪ ಎಡಕ್ಕೆ ಹಿಡಿ ಎಂದಳು, ಹಿಡಿದೆ. ಇನ್ನೂ ಸ್ವಲ್ಪ, ಮೇಲಕ್ಕೆ ಎಂದಳು.

"ಅಲ್ಲಿ ಡಬ್ಬ ಇಲ್ವಲ್ಲೇ" ಎಂದೆ.

"ಗೊತ್ತುಂಟು. ಬಾಲ್ಕನಿ ನೋಡ್ತಾ ಇದ್ದೇನೆ. ಕರಿಬೇವು ಎಷ್ಟು ಎತ್ತರ ಆಗಿದೆ ಅಂತ."

ನಾನು ಫೋನ್ ಹಿಡಿದು ಮನೆಯೆಲ್ಲ ತಿರುಗಾಡಿದೆ. ಅವಳ ಕುರ್ಚಿ, ಅಡುಗೆಮನೆಯ ಕಿಟಕಿ, ಕೆಳಗೆ ಹಾದುಹೋಗುವ ರೈಲು. ಅಷ್ಟು ಹೊತ್ತು ಮಾತಿಲ್ಲದೆ ಇರಲು ನಮಗೆ ಮತ್ತೆ ಬಂದಿತ್ತು.

ಆಮೇಲೆ ಹಾವನ್ನು ಎತ್ತಬೇಕಾಯಿತು. ತಲೆಯ ಕಡೆಯಿಂದ ಬೇಡ, ನಡು ಮೈಯ ಕೆಳಗೆ ಕೈ ಹಾಕು, ಹಿಂಜರಿಯಬೇಡ ಎಂದಳು. ಎರಡೂ ಕೈ ಹಾಕಿ ಎತ್ತಿದೆ. ಅದು ತಣ್ಣಗಿತ್ತು, ಒಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ನಿಧಾನವಾಗಿ ಮಣಿಕಟ್ಟಿಗೆ ಒಂದು ಸುತ್ತು ಸುತ್ತಿ ಸ್ವಲ್ಪ ಬಿಗಿ ಮಾಡಿತು. ಬಳೆಗಾರ ಕೈ ಹಿಡಿದಷ್ಟೇ ಬಿಗಿ. ತಲೆ ಎತ್ತಿ ಗಾಳಿಯಲ್ಲಿ ಅತ್ತಿತ್ತ ಏನನ್ನೋ ಅರಸಿತು.

"ನಿನ್ನನ್ನ ಹುಡುಕ್ತಿದೆ ನೋಡು" ಎಂದೆ.

ಅವಳು ಹೇಳಿದಳು: "ಹಾವಿಗೆ ಯಾರ ನೆನಪೂ ಆಗುದಿಲ್ಲ ಮಾರಾಯಾ. ಅದಕ್ಕೆ ಬೆಚ್ಚಗಿದ್ರೆ ಸಾಕು." ಆಮೇಲೆ ಪರದೆಯಿಂದ ಸರಿದು ಹೋದಳು. ಸ್ವಲ್ಪ ಹೊತ್ತು ಅವಳ ಕೋಣೆಯ ಖಾಲಿ ಗೋಡೆ ಮಾತ್ರ ಕಾಣುತ್ತಿತ್ತು. ಮರಳಿ ಬಂದಾಗ ಮುಖ ತೊಳೆದುಕೊಂಡಿದ್ದಳು.

ಹಾವಿನ ಉಸಿರಿನ ಟಿಕ್ ಸದ್ದು ಕಡಿಮೆಯಾಗುತ್ತ ಬಂತು. ಮುಂದಿನ ವಾರ ಇಲಿಯನ್ನು ಬಿಸಿನೀರಿನಲ್ಲಿ ಕಾಯಿಸಿ ಚಿಮ್ಮಟದಲ್ಲಿ ಹಿಡಿದಾಗ, ನಾನು ರೆಪ್ಪೆ ಮಿಟುಕಿಸುವುದರೊಳಗೆ ಎಳೆದುಕೊಂಡಿತು. ಕೂಡಲೇ ಅವಳಿಗೆ ಕರೆ ಮಾಡಿದೆ, ತರಗತಿಯಲ್ಲಿದ್ದಳು. ತಿಂದಿತು ಎಂದು ಬರೆದು ಕಳಿಸಿ, ಅದು ನುಂಗಿ ಮುಗಿಸುವವರೆಗೆ ಒಬ್ಬನೇ ನೋಡುತ್ತ ಕೂತೆ. ಇಂಥ ಸಂಗತಿಯನ್ನು ಪಕ್ಕದಲ್ಲಿರುವವರಿಗೆ ಮೊಣಕೈಯಿಂದ ತಿವಿದು ತೋರಿಸಬೇಕು.

ದೀಪಾವಳಿಗೆ ಅವಳು ಬಂದಳು. ಮೊದಲ ಸಂಜೆ ನೆಲದ ಮೇಲೆ ಕೂತು, ಹಾವನ್ನು ಮಡಿಲಲ್ಲಿ ಹಾಕಿಕೊಂಡು, ತೂತುಗಳ ಅಂಚನ್ನು ಬೆರಳಿನಿಂದ ಸವರಿ ನೋಡಿ, ಚಂದ ಮಾಡಿದ್ದೀ ಎಂದಳು. ಸಬಾದ ಕೆಲಸವನ್ನು ಮುಂದುವರಿಸಲು ಕೇಳಿದ್ದಾರೆ, ಒಪ್ಪಿದ್ದೇನೆ ಎಂದು ಆಗಲೇ ಹೇಳಿದಳು. ನಾನು ಒಳ್ಳೆಯದೇ ಆಯಿತು ಎಂದೆ. ಆ ಮಾತು ಸುಳ್ಳಾಗಿರಲಿಲ್ಲ, ಆದರೆ ಹೇಳಿದವನೇ ನೀರಿನ ಬಟ್ಟಲು ತುಂಬಿಸಲು ಎದ್ದು ಹೋದೆ.

ವಿಮಾನ ನಿಲ್ದಾಣದ ದಾರಿಯಲ್ಲಿ ಅವಳೇ ಮಾತು ತೆಗೆದಳು. "ಅಲ್ಲಿಯೂ ಒಂದು ಬಂದರು ಉಂಟು, ಸಣ್ಣದು."

ಅಲ್ಲಿಗೆ ವರ್ಗ ಮಾಡಿಕೊಡಿ ಎಂದು ಈಗ ನಮ್ಮ ಆಫೀಸಿನಲ್ಲಿ ಕೇಳಿದ್ದೇನೆ. ಜಾಗ ಖಾಲಿಯಾದರೆ ನೋಡೋಣ ಎಂದಿದ್ದಾರೆ. ಹಾವಿನ ಅನುಮತಿಗೂ ಇನ್ನೊಮ್ಮೆ ಪ್ರಯತ್ನ ನಡೆದಿದೆ. ಪ್ರತಿ ವಾರ ಕ್ಲಾಂಗಿನಿಂದ ಆ ಕಡೆಗೆ ಒಂದು ಹಡಗು ಹೋಗುತ್ತದೆ. ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಅದು ಚೆನ್ನಾಗಿ ಕಾಣುತ್ತದೆ, ಸಿಮೆಂಟು, ಹಿಟ್ಟು, ಯಾರದೋ ಮನೆಯ ಫ್ರಿಜ್ಜು ಎಲ್ಲವನ್ನೂ ಹೊತ್ತುಕೊಂಡು ನಿಧಾನಕ್ಕೆ ಹೊರಡುತ್ತದೆ.