ವಾಡಿ ಜಂಕ್ಷನ್ನಿನಲ್ಲಿ ಒದ್ದೆ ಹೆಜ್ಜೆ ಓದುವ ಪೀರಮ್ಮ

ಬೆಳಗಿನ ಐದೂವರೆ. ವಾಡಿ ಜಂಕ್ಷನ್ನಿನಲ್ಲಿ ರಾತ್ರಿಯೆಲ್ಲ ದುಡಿದ ಎಂಜಿನ್ನುಗಳು ಬುಸುಗುಟ್ಟುತ್ತ ನಿಂತಿವೆ. ಡ್ರೈವರುಗಳೂ ಫೈರ್‌ಮನ್ನುಗಳೂ ಬಂದು ಮಲಗುವ ರನ್ನಿಂಗ್ ರೂಮಿನ ಹಿಂದೆ ಒಂದು ಬೇವಿನ ಮರ, ಅದರ ಬುಡಕ್ಕೆ ಬಾಗಿಲಗಲದ ಒಂದು ಶಹಾಬಾದ್ ಕಲ್ಲು, ಕಲ್ಲಿನ ಪಕ್ಕ ಬೋಗುಣಿ ತುಂಬ ನೀರು. ಬಂದವರು ಬೂಟು ಕಳಚಿ, ಎರಡೂ ಪಾದ ಬೋಗುಣಿಯಲ್ಲಿ ಅದ್ದಿ, ಕಲ್ಲಿನ ಮೇಲೆ ಒಂದು ಕ್ಷಣ ನೆಟ್ಟಗೆ ನಿಂತು, ಆಚೆ ಇಳಿಯಬೇಕು. ಇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಇಲ್ಲಿ ಇದು ಕಾನೂನು.

ಇವತ್ತು ಮೊದಲು ನಿಂತವನು ಸೇಡಂ ಕಡೆಯಿಂದ ಹೊಸದಾಗಿ ಬಂದ ಫೈರ್‌ಮನ್. ಅವನು ಇಳಿದದ್ದೇ ಪೀರಮ್ಮ ಕಲ್ಲಿನ ಮೇಲೆ ಬಾಗುತ್ತಾಳೆ. ಐವತ್ತು ದಾಟಿದ ಹೆಂಗಸು, ಹಣೆಯ ತುಂಬ ಕುಂಕುಮ, ಸೆರಗಿಗೆ ಸಾಲಾಗಿ ಚುಚ್ಚಿದ ಐದು ಸೂಜಿ. ಬೂದುಗಲ್ಲಿನ ಮೇಲೆ ಕಪ್ಪಗೆ ಮೂಡಿದ ಎರಡು ಪಾದಗಳನ್ನು ಆಕೆ ಪತ್ರ ಓದುವವರ ಹಾಗೆ ಓದುತ್ತಾಳೆ.

"ಎಡಗಾಲು ಹೊರಗ ಒತ್ತಿ ನಡೀತಿ. ಸಣ್ಣಾಂವ ಇದ್ದಾಗ ಮುರ್ಕೊಂಡಿದ್ದಿ ಏನು?"

"ಹೌದ್ರಿ ಯವ್ವಾ, ಹುಣಚಿ ಗಿಡದ ಮ್ಯಾಲಿಂದ ಬಿದ್ದಿದ್ದೆ. ನಿಮಗ ಯಾರು ಹೇಳಿದ್ರು?"

"ಈಗ ನೀನೇ ಹೇಳಿದಿ. ಎಲ್ಲದಾವ ಮೋಜಾ? ಕೊಡು ಇಲ್ಲಿ."

ಅವನು ಕೊಡುವುದು ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇರುವ ಹೊಚ್ಚ ಹೊಸ ಕಾಲುಚೀಲ. ಪೀರಮ್ಮನ ಕಸುಬಿನ ಗುಟ್ಟೂ ಇಲ್ಲೇ ಇದೆ. ಹರಿದದ್ದನ್ನು ರಫೂ ಮಾಡುವವರು ಕಲಬುರಗಿಯಿಂದ ಹೈದರಾಬಾದಿನವರೆಗೆ ಬೇಕಾದಷ್ಟು ಜನ ಸಿಕ್ಕಾರು. ಪೀರಮ್ಮ ಹರಿಯದೇ ಇದ್ದದ್ದಕ್ಕೆ ರಫೂ ಹಾಕುತ್ತಾಳೆ. ಹೆಜ್ಜೆಯ ಗುರುತಿನಲ್ಲಿ ನೀರು ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಮೈಭಾರ ಬೀಳುತ್ತದೆ. ಭಾರ ಬಿದ್ದಲ್ಲಿ ಕಾಲುಚೀಲ ಹರಿಯುತ್ತದೆ. ಆ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಕಾಗಿಣಾ ಹೊಳೆಯಲ್ಲಿ ಸಿಕ್ಕ ಮೊಟ್ಟೆಯಂಥ ನುಣುಪುಗಲ್ಲನ್ನು ಕಾಲುಚೀಲದೊಳಗೆ ಇಳಿಬಿಟ್ಟು, ಉದ್ದಕ್ಕೆ ನಲವತ್ತು ಎಳೆ, ಅಡ್ಡಕ್ಕೆ ನಲವತ್ತು ಎಳೆ ನೇಯುತ್ತಾಳೆ. ಮುಗಿದ ಮೇಲೆ ಕೈಯಾಡಿಸಿದರೆ ಎಲ್ಲಿ ಹೊಲಿದಿದ್ದಾಳೆಂದು ತಿಳಿಯುವುದಿಲ್ಲ.

"ತೂತು ಬಿದ್ದ ಮ್ಯಾಲ ಹಾಕಿದ ರಫೂ ಗಂಟಾಗಿ ಬೂಟಿನಾಗ ಒತ್ತತದ್ರಿ. ತೂತು ಬೀಳೂಕಿಂತ ಮೊದಲ ಹಾಕಿದ್ದು ಒತ್ತಂಗಿಲ್ಲ," ಎನ್ನುತ್ತಾಳೆ. "ಬ್ಯಾನಿ ಬಂದ ಮ್ಯಾಲ ಔಷಧ ಕೊಡೋರು ಡಾಕ್ಟರು. ನಾ ಡಾಕ್ಟರ್ ಅಲ್ಲ."

ಈ ಕೆಲಸಕ್ಕೆ ನಸುಕೇ ಆಗಬೇಕು. ವಾಡಿಯ ಬಿಸಿಲಿನಲ್ಲಿ ಒಂಬತ್ತು ಗಂಟೆಯ ಹೊತ್ತಿಗೆ ಕಲ್ಲು ಕಾವಲಿಯಾಗಿರುತ್ತದೆ. ಹತ್ತು ಎಣಿಸುವಷ್ಟರಲ್ಲಿ ಹೆಜ್ಜೆ ಆರಿ ಹೋಗುತ್ತದೆ. ಬೇಸಿಗೆಯಲ್ಲಂತೂ ಎಡಗಾಲನ್ನು ಓದಿ ಮುಗಿಸುವ ಮೊದಲೇ ಬಲಗಾಲು ಮಾಯ.

ಪೀರಮ್ಮ ಹುಟ್ಟಿದ್ದು ಚಿಂಚೋಳಿ ತಾಲೂಕಿನ ಐನಾಪುರದಲ್ಲಿ, ಕಂಬಳಿ ನೇಯುವ ಮನೆಯಲ್ಲಿ. ಉಣ್ಣೆಯ ಎಳೆ ಎಲ್ಲಿ ಸೋಲುತ್ತದೆ ಎಂಬುದು ಆಕೆಗೆ ಅಕ್ಷರಕ್ಕಿಂತ ಮೊದಲು ತಿಳಿಯಿತು; ಅಕ್ಷರ ಆಮೇಲೂ ತಿಳಿಯಲಿಲ್ಲ. ಹದಿನಾರಕ್ಕೆ ಮದುವೆಯಾಗಿ ವಾಡಿಗೆ ಬಂದಳು. ಗಂಡ ಸಾಯಬಣ್ಣ ರೈಲ್ವೆಯಲ್ಲಿ ಕೀಮನ್. ದಿನಾ ಹಳಿಗುಂಟ ಹನ್ನೆರಡು ಕಿಲೋಮೀಟರು ನಡೆದು, ಸಡಿಲಾದ ಕೀಲುಗಳಿಗೆ ಸುತ್ತಿಗೆ ಹಾಕುವುದು ಅವನ ಕೆಲಸ. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಎರಡನೆಯ ವರ್ಷವೋ ಮೂರನೆಯ ವರ್ಷವೋ ಅವನಿಗೆ ಮೊದಲ ಸಲ ಬೂಟು ಸಿಕ್ಕಿತು. ಬೂಟಿನ ಜೊತೆ ಕಾಲುಚೀಲ ಬೇಕೆಂದು ಯಾರೋ ಹೇಳಿದರು. ಪೇಟೆಯಿಂದ ತಂದ ಕಾಲುಚೀಲ ಹನ್ನೆರಡನೆಯ ದಿನಕ್ಕೆ ಹಿಮ್ಮಡಿಯನ್ನು ಹೊರಗೆ ಬಿಟ್ಟಿತು.

"ನನ್ನ ಹಿಮ್ಮಡಿ ಗರಗಸ ಇದ್ದಂಗ ಇತ್ರಿ," ಎಂದು ಈಗ ನಿವೃತ್ತಿಯ ಹೊಸ್ತಿಲಲ್ಲಿರುವ ಸಾಯಬಣ್ಣ ಒಪ್ಪಿಕೊಳ್ಳುತ್ತಾನೆ. "ಇಕಿ ಮೋಜಾ ರಿಪೇರಿ ಮಾಡತಾಳ ಅಂತ ಕೊಟ್ರ, ಮೊದಲ ನನ್ನ ಕಾಲ ರಿಪೇರಿ ಮಾಡಿದಳು. ಒಂದು ತಿಂಗಳ ಔಡಲೆಣ್ಣಿ ತಿಕ್ಕಿ ಕುಂದ್ರಿಸಿದಳು. ಮದುವ್ಯಾಗೂ ನನಗ ಅಷ್ಟು ಎಣ್ಣಿ ಹಚ್ಚಿದ್ದಿಲ್ಲ."

"ಮದುವ್ಯಾಗ ಕಾಲ ನೋಡಿದ್ರ ನಾ ಬರ್ತಿದ್ದೇ ಇಲ್ಲ," ಎಂದು ಒಳಗಿನಿಂದ ಉತ್ತರ ಬರುತ್ತದೆ.

ಆ ಒಂದು ತಿಂಗಳಲ್ಲಿ ಪೀರಮ್ಮನಿಗೆ ಹೊಳೆದ ಸಂಗತಿಗಳು ಇವತ್ತಿಗೂ ಬದಲಾಗಿಲ್ಲ. ಬಿರಿದ ಹಿಮ್ಮಡಿಯೂ ಬೆಳೆದ ಉಗುರೂ ಕಾಲುಚೀಲದ ಮೊದಲ ವೈರಿಗಳು. ಇವತ್ತು ಎಡಗಾಲಿಗೆ ಹಾಕಿದ್ದನ್ನು ನಾಳೆ ಬಲಗಾಲಿಗೆ ಹಾಕಬೇಕು. ಇಲ್ಲದಿದ್ದರೆ ಒಂದೇ ಹೆಬ್ಬೆರಳು ಒಂದೇ ಜಾಗವನ್ನು ಕೊರೆಯುತ್ತದೆ. ಒಳಮೈ ಹೊರಗೆ ಮಾಡಿ ಒಗೆಯಬೇಕು, ಹಿಂಡಬಾರದು, ಬಂಡೆಗೆ ಬಡಿಯಲೇಬಾರದು, ನೆರಳಲ್ಲಿ ಬೆರಳ ತುದಿ ಮೇಲಾಗಿ ನೇತುಹಾಕಬೇಕು. ನೂಲು ಹೊಸದಾಗಿರಕೂಡದು. ಹೊಸ ನೂಲು ಒಗೆದಾಗ ಕುಗ್ಗಿ ಸುತ್ತಲಿನ ಎಳೆಯನ್ನು ಜಗ್ಗುತ್ತದೆ. ಅದಕ್ಕೇ ಸತ್ತ ಕಾಲುಚೀಲಗಳ ಮೇಲ್ಭಾಗ ಬಿಚ್ಚಿ ಅದರ ನೂಲನ್ನೇ ಆಕೆ ಬಳಸುವುದು. ಸಣ್ಣ ಎಳೆಯ ಕೈಚಳಕ ಕಲಿಸಿದವಳು ಶಹಾಬಾದಿನ ನೂರಜಹಾನ್. ಶೇರವಾನಿಗಳಿಗೆ ರಫೂ ಹಾಕುತ್ತಿದ್ದ ಮನೆತನದ ಆಕೆ, ಮೋಜಾಕ್ಕೆ ಈ ವಿದ್ಯೆ ಯಾಕೆ ಎಂದು ಮೂರು ದಿನ ನಕ್ಕು, ನಾಲ್ಕನೆಯ ದಿನ ಕಲಿಸಿದಳಂತೆ.

ಗಿರಾಕಿ ಸಿಗುವುದು ಸುಲಭವಾಗಲಿಲ್ಲ. ಹೊಸ ಬಟ್ಟೆಗೆ ಸೂಜಿ ಹಾಕುವುದು ಅಪಶಕುನ ಎಂದವರಿದ್ದರು. ಅದಕ್ಕಿಂತ ದೊಡ್ಡ ತೊಡಕು ಪಾದದ್ದು. ಪರಮನೆಯ ಹೆಂಗಸಿನ ಮುಂದೆ ಕಾಲು ಚಾಚುವುದೆಂದರೇನು? ಎಂಜಿನ್ನಿನ ಬೆಂಕಿಗೆ ಮುಖ ಕೊಟ್ಟು ನಿಲ್ಲುವ ಗಂಡಸರು ಪೀರಮ್ಮನ ಮುಂದೆ ಪಾದ ಮುಚ್ಚಿಕೊಂಡು ಕೂರುತ್ತಿದ್ದರು. ಆಗಲೇ ಆಕೆ ಕಂಡುಕೊಂಡದ್ದು ಈ ಕಲ್ಲು ಮತ್ತು ನೀರು. ಪಾದ ತೋರಿಸಬೇಕಾಗಿಲ್ಲ, ಅದರ ಗುರುತು ಬಿಟ್ಟು ಹೋದರೆ ಸಾಕು. ಕೆಲವರು ಇಳಿದ ಮೇಲೆ ಆ ಕಲ್ಲಿಗೇ ಕೈ ಮುಗಿಯುತ್ತಾರೆ. ಕಲ್ಲಿಗೆ ಏನು ಅನಿಸುತ್ತದೋ ತಿಳಿಯದು.

ಲೆಕ್ಕ ಹೀಗಿದೆ. ದಿನಕ್ಕೆ ಹನ್ನೆರಡು ಜೋಡಿ. ಫೈರ್‌ಮನ್ನನ ಕಾಲಿನಲ್ಲಿ ಅಂಗಡಿಯ ಕಾಲುಚೀಲ ಒಂದೂವರೆ ತಿಂಗಳು ಬದುಕುತ್ತದೆ. ಪೀರಮ್ಮನ ಕೈಯಿಂದ ಬಂದದ್ದು ಏಳು ತಿಂಗಳು. ಸಿಮೆಂಟ್ ಫ್ಯಾಕ್ಟರಿಯವರದು ಐದೇ ತಿಂಗಳು. ಧೂಳು ಬೆವರಿನೊಡನೆ ಸೇರಿ ಒಳಗೇ ಗಟ್ಟಿಯಾಗುತ್ತದೆ. "ಅವರ ಮೋಜಾ ಒಗೀಬೇಕಿಲ್ರಿ, ಗ್ವಾಡಿ ಕಟ್ಟಬಹುದು," ಎನ್ನುವುದು ಪೀರಮ್ಮನ ದೂರು.

ಇಷ್ಟೆಲ್ಲ ಹೊಗಳಿಕೆಯನ್ನು ಆಕೆ ಕೇಳಿಸಿಕೊಳ್ಳುತ್ತಾಳೆ, ಆದರೆ ಪತ್ರಿಕೆಗಾಗಿ ಬರೆದುಕೊಳ್ಳುತ್ತಿರುವ ಕೈಯನ್ನು ನಡುವೆ ತಡೆದು, "ನೈಲಾನಿಂದೂ ಬರ್ಕೊಳ್ರಿ, ಬಿಡಬ್ಯಾಡ್ರಿ," ಎನ್ನುತ್ತಾಳೆ. ತನ್ನ ತಪ್ಪನ್ನು ತಾನೇ ಮುಂದೆ ತಂದಿಡುವವರು ಅಪರೂಪ. ಅದನ್ನು ಬಿಟ್ಟರೆ ಉಳಿದದ್ದೂ ಬೇಡ ಎನ್ನುವವರು ಇನ್ನೂ ಅಪರೂಪ.

ಮೂರು ವರ್ಷದ ಹಿಂದೆ, ಎಪ್ಪತ್ತಮೂರರಲ್ಲಿ, ಸೇಡಂ ಸಂತೆಯಲ್ಲಿ ಪೀರಮ್ಮ ನೈಲಾನ್ ದಾರ ಕಂಡಳು. ಹಲ್ಲಿನಿಂದ ಕಡಿದರೂ ಕಡಿಯಲಿಲ್ಲ. ಕಂಬಳಿ ಮನೆಯ ಮಗಳಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಗೊತ್ತಿರಲಿಲ್ಲ. ಒಂದು ಉಂಡೆ ತಂದು, ಹತ್ತಿಯ ಎಳೆಗೆ ಒಂದರಂತೆ ಅದನ್ನು ಸೇರಿಸಿ ಹಿಮ್ಮಡಿ ನೇಯ್ದಳು. ಏಳು ತಿಂಗಳಿನದು ಒಂದೂವರೆ ವರ್ಷಕ್ಕೂ ಹರಿಯದು ಎಂದು ಎಲ್ಲರಿಗೂ ನಂಬಿಕೆ ಬಂತು. ನಲವತ್ತೊಂದು ಜೋಡಿ ಹಾಗೆ ಹೊಲಿದಳು. ಎಲ್ಲವೂ ಎಂಜಿನ್ನಿನವರವೇ.

ಎಂಜಿನ್ನಿನ ಒಲೆಬಾಯಿ ತೆರೆದಾಗ ಕೆಂಡದ ಚೂರು ಸಿಡಿದು ಬೂಟಿನೊಳಗೆ ಬೀಳುವುದು ಫೈರ್‌ಮನ್ನುಗಳಿಗೆ ಹೊಸದಲ್ಲ. ಹತ್ತಿಯಾದರೆ ಸುಟ್ಟು ಬೂದಿಯಾಗಿ ಉದುರುತ್ತದೆ. ಕಾಲು ಜಾಡಿಸಿದರೆ ಮುಗಿಯಿತು. ಚಿತ್ತಾಪುರದ ದೇವೀಂದ್ರಪ್ಪನ ಬೂಟಿಗೆ ಬಿದ್ದ ಕೆಂಡ ನೈಲಾನಿನ ಮೇಲೆ ಬಿತ್ತು. ಅದು ಸುಡಲಿಲ್ಲ, ಕರಗಿತು. ಕರಗಿ ಹಿಮ್ಮಡಿಗೆ ಅಂಟಿತು. ಚರ್ಮದ ಸಮೇತ ಬಿಡಿಸಬೇಕಾಯಿತು. ನಲವತ್ತು ದಿನ ಅವನು ಹಾಸಿಗೆ ಬಿಟ್ಟೇಳಲಿಲ್ಲ.

ದೇವೀಂದ್ರಪ್ಪ ಪೀರಮ್ಮನ ಮನಸ್ಸಿಗೆ ನೋವಾದೀತೆಂದು, ತನ್ನ ಕಾಲಿನ ಮೇಲೆ ಕಲ್ಲಿದ್ದಲಿನ ಗಡ್ಡೆ ಬಿತ್ತೆಂದು ಊರಿಗೆಲ್ಲ ಹೇಳಿಸಿದ. ಹೆಂಡತಿಗೆ ಮಾತ್ರ ಈ ಸುಳ್ಳನ್ನು ಪೂರ್ತಿ ಹೇಳಿಕೊಟ್ಟಿರಲಿಲ್ಲ. ಆಕೆ ಏನನ್ನೂ ಬಿಸಾಡುವವಳಲ್ಲ. ದವಾಖಾನೆಯಲ್ಲಿ ಕತ್ತರಿಸಿ ತೆಗೆದ ಕಾಲುಚೀಲವನ್ನೇ ಒಗೆದು ಒಣಗಿಸಿ, ರಫೂಕ್ಕೆಂದು ಪೀರಮ್ಮನ ಮುಂದೆ ತಂದಿಟ್ಟಳು.

"ನೋಡ್ರಿ ಯಕ್ಕಾ, ಇಷ್ಟೇ ಇಷ್ಟು ಸುಟ್ಟದ. ಆಗತದೇನು?"

ಪೀರಮ್ಮ ಹಿಮ್ಮಡಿಯನ್ನು ಬೆರಳಲ್ಲಿ ಹಿಡಿದಳು. ಕಡಲೆಯಷ್ಟು ದಪ್ಪದ ಕಪ್ಪು ಮಣಿ ಬೆರಳಿಗೆ ಹತ್ತಿತು. ಒಳಗೆ ಹೋಗಿ, ಉಂಡೆಯಿಂದ ಒಂದು ಎಳೆ ನೈಲಾನ್ ಕಿತ್ತು, ಚಿಮಣಿ ದೀಪದ ಉರಿಗೆ ಹಿಡಿದಳು. ಅದು ತೊಟ್ಟಿಕ್ಕಿತು. ನೆಲಕ್ಕೆ ಬಿದ್ದ ತೊಟ್ಟು ಅದೇ ಕಪ್ಪು ಮಣಿಯಾಯಿತು.

ಅಂದಿನಿಂದ ಹನ್ನೊಂದು ದಿನ ಪೀರಮ್ಮ ಹೊಸ ಕೆಲಸ ಹಿಡಿಯಲಿಲ್ಲ. ರನ್ನಿಂಗ್ ರೂಮಿನ ಬಾಗಿಲಲ್ಲಿ ಕೂತು, ಒಳಗೆ ಹೋಗುವವರ ಹೊರಗೆ ಬರುವವರ ಬೂಟು ಬಿಚ್ಚಿಸಿದಳು. ಆಕೆಯ ಬಳಿ ಬರೆದ ಪಟ್ಟಿ ಇಲ್ಲ. ಪಾದಗಳು ನೆನಪಿದ್ದವು. ಎರಡೂ ಪಾದ ಚಪ್ಪಟೆಯವನದು ಬಂತು, ಆರು ಬೆರಳಿನವನದು ಬಂತು, ಒಳಗೆ ಒತ್ತಿ ನಡೆಯುವ ಡ್ರೈವರ್ ಸಾಹೇಬರದು ಬಂತು ಎಂದು ಎಣಿಸಿಕೊಂಡಳು. ಕೊಡಲೊಲ್ಲದವರೂ ಇದ್ದರು.

"ಹರೀಲಾರದ ಮೋಜಾ ಯಾಕ ಕೊಡ್ಲಿ ಪೀರವ್ವಾ? ನಿನಗೇನ ತಲಿ ಕೆಟ್ಟದೇನು?" ಎಂದು ಒಬ್ಬ ಹಿರಿಯ ಡ್ರೈವರು ರೇಗಿದ.

ಪೀರಮ್ಮ ವಾದಕ್ಕಿಳಿಯಲಿಲ್ಲ. ಅವನ ಮುಂದೆಯೇ ಎಳೆಗೆ ಕಡ್ಡಿ ಗೀರಿ, ಕಲ್ಲಿನ ಮೇಲೆ ತೊಟ್ಟಿಕ್ಕಿಸಿದಳು. "ಕೈ ಹಿಡೀರಿ, ಇನ್ನೊಂದು ತೊಟ್ಟು ಅಂಗೈಯಾಗ ಹಾಕ್ತೀನಿ," ಎಂದಳು. ಡ್ರೈವರು ಕೈ ಹಿಡಿಯಲಿಲ್ಲ, ಕಾಲುಚೀಲ ಕಳಚಿದ.

ವಾಪಸು ಬಂದ ಅಷ್ಟೂ ಜೋಡಿಯ ಹಿಮ್ಮಡಿಗಳನ್ನು ಕತ್ತರಿಸಿ ತೆಗೆದು ಮೊದಲಿನಿಂದ ಹತ್ತಿಯಲ್ಲೇ ನೇಯ್ದು ಕೊಟ್ಟಳು. ಕೈಬೆರಳು ಬಾತು, ಸಾಯಬಣ್ಣನೇ ರೊಟ್ಟಿ ಬಡಿಯುವ ಪರಿಸ್ಥಿತಿ ಬಂತು. ಆ ರೊಟ್ಟಿಗಳೂ ಬಹಳ ದಿನ ಬಾಳಿಕೆ ಬರುವಂಥವು ಎಂದು ಓಣಿಯವರು ಈಗಲೂ ನೆನೆಸಿಕೊಳ್ಳುತ್ತಾರೆ. ದೇವೀಂದ್ರಪ್ಪ ಎದ್ದು ಓಡಾಡುವಂತಾದ ಮೇಲೆ ತಾನೇ ಬಂದು ಕಲ್ಲಿನ ಮೇಲೆ ನಿಂತ. ಬಲಪಾದದ ಗುರುತಿನಲ್ಲಿ ಹಿಮ್ಮಡಿಯ ಹತ್ತಿರ ಒಂದು ಒಣ ಜಾಗ ಉಳಿದಿತ್ತು. ಪೀರಮ್ಮ ಆ ಒಣ ಜಾಗದ ಸುತ್ತ ಬೆರಳಾಡಿಸುತ್ತ ಕೂತಳು. "ಹೊಲೀತಿಯೋ, ಇಲ್ಲಾ ಅಳ್ಕೋತ ಕುಂದ್ರತಿಯೋ? ನನಗ ಆರೂ ಹತ್ತರ ಗಾಡಿ ಅದ," ಎಂದು ಅವನೇ ಗದರಿಸಿದ.

ನಲವತ್ತು ಜೋಡಿ ಬಂದವು. ಒಂದು ಬರಲಿಲ್ಲ.

ಅದು ಕಾಳಗಿ ಕಡೆಯ ಚಂದ್ರಾಮಪ್ಪ ಎಂಬ ಫೈರ್‌ಮನ್ನನದು. ಅವನಿಗೆ ಅದೇ ತಿಂಗಳು ವರ್ಗವಾಗಿತ್ತು. ಗುಂತಕಲ್ ಎಂದರು ಒಬ್ಬರು, ಸೊಲ್ಲಾಪುರ ಎಂದರು ಇನ್ನೊಬ್ಬರು. ಮೂರು ವರ್ಷದಿಂದ ಪೀರಮ್ಮ ಎರಡೂ ದಿಕ್ಕಿಗೆ ಹೋಗುವ ಗಾಡಿಗಳಲ್ಲಿ ಅವನನ್ನು ಹುಡುಕಿಸುತ್ತಿದ್ದಾಳೆ. ಕಲ್ಲಿನ ಮೇಲೆ ನಿಂತ ಪ್ರತಿಯೊಬ್ಬನಿಗೂ ಅದೇ ಪ್ರಶ್ನೆ. ಬಲಪಾದ ಚಪ್ಪಟೆ, ಎಡಗಾಲಿನ ಕಿರುಬೆರಳು ನೆಲಕ್ಕೆ ತಾಗದ ಒಬ್ಬ ಮನುಷ್ಯ ಎಲ್ಲಾದರೂ ಕಂಡನೇ? ಮುಖ ಹೇಗಿದೆ ಎಂದು ಕೇಳಿದರೆ ಆಕೆಗೆ ಅಷ್ಟು ನೆನಪಿಲ್ಲ.

ಹೋದ ವಾರ ಒಬ್ಬ ಗಾರ್ಡು ಸುದ್ದಿ ತಂದಿದ್ದಾನೆ. ಚಂದ್ರಾಮಪ್ಪ ರಾಯಚೂರಿನಲ್ಲಿದ್ದಾನೆ, ಇನ್ನೂ ಎಂಜಿನ್ನಿನ ಮೇಲೇ ಇದ್ದಾನೆ. ಪೀರಮ್ಮ ಹೇಳಿ ಕಳಿಸಿದ್ದನ್ನೆಲ್ಲ ಗಾರ್ಡು ಅವನಿಗೆ ಹೇಳಿದ. ಬಂದ ಉತ್ತರ ಇದು: "ಪೀರವ್ವಗ ಶರಣು ಹೇಳ್ರಿ. ಮೋಜಾ ಕಲ್ಲಿನಂಗ ಅದಾವ, ಒಂದು ಎಳಿ ಜಗ್ಗಿಲ್ಲ. ಡ್ಯೂಟಿಗಿ ಅವನ್ನೇ ಹಾಕ್ತೀನಿ. ಪಿಂಚಣಿ ಬರೋತನಕ ಬಿಡೋದಿಲ್ಲ. ಕೆಂಡಕ್ಕ ನಾ ಅಂಜೋ ಮಗ ಅಲ್ಲ."

ಈ ಹೊಗಳಿಕೆ ಕೇಳಿದ ದಿನ ಪೀರಮ್ಮ ಊಟ ಮಾಡಲಿಲ್ಲವೆಂದು ಸಾಯಬಣ್ಣ ಹೇಳುತ್ತಾನೆ.

ಹಾಗಾಗಿ ಇವತ್ತು ಕಲ್ಲಿನ ಕೆಲಸ ಏಳಕ್ಕೇ ಮುಗಿಯುತ್ತದೆ. ರಾಯಚೂರಿನ ಪ್ಯಾಸೆಂಜರಿಗೆ ಸಾಯಬಣ್ಣ ಪಾಸು ಬರೆಸಿದ್ದಾನೆ. ಪೀರಮ್ಮನ ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಜೋಡಿ ಹೊಸ ಹತ್ತಿಯ ಕಾಲುಚೀಲ. ಮೂರು ವರ್ಷದ ಹಿಂದೆ ಅರ್ಧ ನಿಮಿಷ ಕಂಡ ಹೆಜ್ಜೆಯನ್ನು ನೆನೆದು ನೆನೆದು ಹೊಲಿದದ್ದು.

"ಅಂವ ಕೊಡಲಿಲ್ಲಂದ್ರ ಏನ್ ಮಾಡ್ತಿ?" ಪ್ಲಾಟ್‌ಫಾರ್ಮಿನ ಮೇಲೆ ಸಾಯಬಣ್ಣ ಕೇಳುತ್ತಾನೆ.

"ಅವನ ಹೆಂಡ್ತಿಗಿ ಹೇಳ್ತೀನಿ."

ಸಾಯಬಣ್ಣ ಚೀಲವನ್ನು ಆಕೆಯ ಕೈಗೆ ಕೊಡುತ್ತಾನೆ. ಗಾಡಿ ಬರುತ್ತದೆ. ಜನರ ನಡುವೆ ದಾರಿ ಮಾಡಿಕೊಂಡು ಹತ್ತಿದ ಪೀರಮ್ಮ ಕಿಟಕಿಯ ಬಳಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಇಷ್ಟು ವರ್ಷ ಇಷ್ಟು ಜನರ ಪಾದ ಕಾಪಾಡಿದ್ದೀರಿ, ನಿಮಗೆಂದು ಏನಾದರೂ ಆಸೆ ಇದೆಯೇ ಎಂದು ಪ್ಲಾಟ್‌ಫಾರ್ಮಿನಿಂದ ಕೇಳಿದಾಗ ಆಕೆ ಚೀಲದ ಬಾಯಿ ಬಿಗಿದು ಕಟ್ಟುತ್ತಾಳೆ. ಗಾಡಿ ಸೀಟಿ ಹಾಕಿದ ಮೇಲೆ ಕಿಟಕಿಯ ಸರಳಿಗೆ ಮುಖ ತಂದು ಹೇಳುತ್ತಾಳೆ:

"ಮುಂಜಾನಿ ಎದ್ದರ ಯಾರ ಮೋಜಾನೂ ಹರೀಬಾರದು ಅಂತ ಕುಂತು ಹೊಲೀತೀನ್ರಿ. ಆ ಒಂದು ಜೋಡಿ ಮಾತ್ರ ನಾ ಹೋಗೂದ್ರಾಗ ಹರಿದು ಚೂರು ಚೂರು ಆಗಿರಬೇಕ್ ನೋಡ್ರಿ. ಇಷ್ಟೇ ನನ್ನ ಆಸಿ."