ಅಮಾವಾಸ್ಯೆಯ ಸಭೆಗೆ ಬಿದ್ದ ಬೀಗ

ನಮ್ಮ ನೂಲನ್ನು ತಡೆದವರು ನೀವು. ಮಗ್ಗಗಳು ಸುಮ್ಮನಾಗುವವರೆಗೆ ಕಾದು, ಮನೆಮನೆಯ ಒಲೆ ತಣ್ಣಗಾದ ಮೇಲೆ, ನೂಲಿನ ಬದಲಿಗೆ ನಮ್ಮ ಮತವನ್ನು ನಮ್ಮ ಕೈಯಿಂದಲೇ ಬಿಡಿಸಿಕೊಂಡವರೂ ನೀವೇ. ನೀವು ಎಂದರೆ ಬೆಟಗೇರಿಯ ನಮ್ಮ ನೇಕಾರರ ಸಂಘದ ಕಡತವನ್ನು ಮೇಜಿನ ಮೇಲಿಟ್ಟುಕೊಂಡು ಮೌನವಾಗಿದ್ದ ಅಧಿಕಾರಿಗಳು, ಮತ್ತು ಆ ಮೌನವನ್ನು ಬಂಡವಾಳ ಮಾಡಿಕೊಂಡ ನಾಯಕರು. ಈ ಆರೋಪವನ್ನು ನಾನು ಯಾರೋ ಹೇಳಿದ್ದು ಕೇಳಿ ಬರೆಯುತ್ತಿಲ್ಲ. ಅದರಲ್ಲಿ ನನ್ನದೇ ಒಂದು ವಾಕ್ಯವಿದೆ.

ನಾನು ಹುಟ್ಟಿದ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಅವನು ಸೀರೆ ನೇಯುತ್ತಾನೆ. ಸಂಘ ನೂಲು ಕೊಡುತ್ತದೆ, ನೇಯ್ದ ಸೀರೆ ಕೊಳ್ಳುತ್ತದೆ. ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಅವ್ವ ಲಾಳಿಗೆ ಕುಂಕುಮ ಹಚ್ಚುತ್ತಾಳೆ, ಅಪ್ಪ ಸ್ನಾನ ಮಾಡಿ ಬಿಳಿ ಟೊಪ್ಪಿಗೆ ಇಟ್ಟುಕೊಂಡು ಮಧ್ಯಾಹ್ನ ಸಂಘದ ಕಟ್ಟೆಗೆ ಹೋಗುತ್ತಿದ್ದ. ಸಂಘದ ಸಭೆ ಯಾವಾಗಲೂ ಅಂದೇ ಇರುತ್ತಿತ್ತು. ಮಗ್ಗಗಳ ಸದ್ದಿಲ್ಲದ ಒಂದೇ ದಿನ ಅದು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದು ಅಂದು ಮಾತ್ರ.

ನಾನು ಮೊದಲು ಕಂಡ ಮತದಾನ ಆ ಕಟ್ಟೆಯ ಮೇಲಿನದು. ನೂಲು ತೆಳುವಾಗಿದ್ದರೆ ಅಲ್ಲೇ ಎದ್ದುನಿಂತು ಕೇಳುತ್ತಿದ್ದರು. ಅಧ್ಯಕ್ಷರು ಬೆವರುತ್ತಿದ್ದರು. ಕಡೆಗೆ ಕೈ ಎತ್ತಿಸಿ ಠರಾವು ಪಾಸು ಮಾಡುತ್ತಿದ್ದರು. ನೂಲಿಗೆ ಬಣ್ಣ ಹಾಕುವ ಕಾಕಾ ನಮ್ಮ ಹಿಂದಿನ ಓಣಿಯ ಮುಸಲ್ಮಾನ ಹಿರಿಯ, ಅಪ್ಪನ ಜೀವದ ಗೆಳೆಯ. ಅವನ ಕೈ ಮೊಣಕೈವರೆಗೆ ನೀಲಿ. ಎಣಿಸುವವರು ಅವನ ಹತ್ತಿರ ಬಂದಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಿದ್ದರು: "ಭಾಯ್ ಎರಡು ಸಲ ಕೈ ಎತ್ತಾಕ ಬರಂಗಿಲ್ಲ, ಗುರ್ತು ಸಿಗತೈತಿ." ಧಾರವಾಡದಲ್ಲಿ ರಾಜ್ಯಶಾಸ್ತ್ರ ಓದುವಾಗ ಪ್ರಜಾಪ್ರಭುತ್ವದ ಎಷ್ಟೋ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದೆ. ಕಣ್ಣ ಮುಂದೆ ನಿಲ್ಲುತ್ತಿದ್ದದ್ದು ಮಾತ್ರ ಆ ನೀಲಿ ಕೈ.

ಓದು ಮುಗಿಸಿ ನಾನು ಮರಳಿದ ವರ್ಷವೇ ನೂಲು ನಿಂತಿತು. ಕಾರಣ ಕೇಳಿದರೆ ಮೇಲಿನಿಂದ ಬಂದಿಲ್ಲ ಎಂದರು. ಮೇಲೆ ಎಂದರೆ ಎಲ್ಲಿ ಎಂದರೆ, ಇನ್ನೂ ಮೇಲೆ ಎಂದರು. ಓಣಿ ದಿನವೂ ಅಮಾವಾಸ್ಯೆಯಂತೆ ನಿಶ್ಶಬ್ದವಾಯಿತು. ಅಪ್ಪ ಗದಗಿನ ಒಂದು ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಬಿಚ್ಚಿ ಎಸೆದ ಸೀರೆಗಳನ್ನು ಮಡಚುವ ಕೆಲಸಕ್ಕೆ ಸೇರಿದ. ಒಮ್ಮೆ ನಾನು ಅಲ್ಲಿಗೆ ಹೋದೆ. ಯಂತ್ರದಲ್ಲಿ ನೇಯ್ದ ಅಗ್ಗದ ಸೀರೆಯೊಂದರ ಅಂಚನ್ನು ಅವನ ಹೆಬ್ಬೆರಳು ತಡವಿ ನೋಡುತ್ತಿತ್ತು. ಮಾಲೀಕ ಕೂಗಿದ: "ಏ, ಹಿರ್ಯಾ, ಪರೀಕ್ಷಾ ಮಾಡಬ್ಯಾಡ, ಮಡಚು." ಅಪ್ಪ ಮಡಚಿದ. ನನ್ನನ್ನು ಕಂಡೂ ಕಾಣದವನಂತೆ ಇನ್ನೊಂದು ಸೀರೆ ಎಳೆದುಕೊಂಡ.

ಆ ಸಂಜೆಯೇ ಅರ್ಜಿ ಬರೆಯಲು ಕುಳಿತೆ. ಸಿಟ್ಟಿನಲ್ಲಿ ಬರೆದದ್ದು ಚೆನ್ನಾಗಿಯೇ ಬಂತು. ಕಡೆಯ ಸಾಲು ಹೀಗಿತ್ತು: 'ಯಾವ ಕ್ರಮದಿಂದಾದರೂ ಸರಿ, ಯಾರ ಮೂಲಕವಾದರೂ ಸರಿ, ನಮಗೆ ನೂಲು ದೊರಕಿಸಿಕೊಡಬೇಕು.' ಮರುದಿನ ಓಣಿಗೆಲ್ಲ ಓದಿ ಹೇಳಿ ಸಹಿ ಹಾಕಿಸಿದೆ. ಕಾಕಾ ಮಾತ್ರ ಪೆನ್ನು ಹಿಡಿದು ಕಡೆಯ ಸಾಲಿನ ಮೇಲೆ ನೀಲಿ ಬೆರಳಿಟ್ಟ.

"ಯಾರ ಮೂಲಕಾದ್ರೂ ಅಂದ್ರ, ಯಾರು ತಂಗಿ?"

"ಮಾತಿನ ಭರಕ್ಕ ಬರದೀನಿ ಕಾಕಾ. ಜೋರಿರಲಿ ಅಂತ."

"ಬಣ್ಣ ಜೋರಾದ್ರ ಎಳಿ ಸುಡತೈತಿ," ಎಂದು ನಕ್ಕು ಸಹಿ ಹಾಕಿದ. ಅರ್ಜಿಯನ್ನು ಅಧಿಕಾರಿಗಳ ಕಚೇರಿಗೆ ಕೊಟ್ಟು ಬಂದೆ.

ಆಗ ನಮ್ಮ ಭಾಗದಲ್ಲಿ ನಾನು ಮೊದಲು ಹೇಳಿದ ನಾಯಕರ ಪ್ರವಾಸ ಶುರುವಾಗಿತ್ತು. ಮನೆಯಲ್ಲಿ ಕುಳಿತಿರಲಾಗದೆ ನಾನು ಬಸ್ಸು ಹತ್ತಿ ಅವರ ಸಭೆಗಳ ಬೆನ್ನು ಹತ್ತಿದೆ. ಮುಂಡರಗಿಯಲ್ಲಿ ಅವರು ಉಳ್ಳಾಗಡ್ಡಿಗೆ ಬೆಲೆ ಕೊಡಿಸುತ್ತೇನೆಂದರು, ಶಿರಹಟ್ಟಿಯಲ್ಲಿ ನೀರು ತರುತ್ತೇನೆಂದರು, ಲಕ್ಷ್ಮೇಶ್ವರದಲ್ಲಿ ಮುಚ್ಚಿದ ಹತ್ತಿ ಗಿರಣಿ ತೆರೆಸುತ್ತೇನೆಂದರು. ಮೂರು ಊರಿನಲ್ಲೂ ಕಡೆಯ ಮಾತು ಒಂದೇ: "ಚರ್ಚಾ ಸಾಕು, ಠರಾವು ಸಾಕು. ನನ್ನ ಕೈಯಾಗ ಕೊಟ್ಟಬಿಡ್ರಿ, ಮಾಡಿ ತೋರಸ್ತೀನಿ." ಅಡರಕಟ್ಟಿಯಿಂದ ಬಂದಿದ್ದ ನನ್ನ ಸೋದರತ್ತೆ, ಹತ್ತಿ ಬೆಳೆಯುವವಳು, ಯಾರ ಮಾತನ್ನೂ ಸುಲಭಕ್ಕೆ ನಂಬದವಳು, ಲಕ್ಷ್ಮೇಶ್ವರದಲ್ಲಿ ನನ್ನ ಪಕ್ಕದಲ್ಲೇ ಕುಳಿತು ಆ ಮಾತಿಗೆ ಚಪ್ಪಾಳೆ ತಟ್ಟಿದಳು.

ಶಿರಹಟ್ಟಿಯ ಚಹಾದಂಗಡಿಯಲ್ಲಿ ಇಬ್ಬರು ರೈತರು ಮಾತಾಡಿಕೊಳ್ಳುತ್ತಿದ್ದರು.

"ಹುಲಿ ಅದಾನ ನೋಡ."

"ಹುಲಿ ತಂದು ಹಿತ್ತಲದಾಗ ಕಟ್ಟಿದ್ರ ಮೇವು ಏನ ಹಾಕ್ತಿಲೇ?"

"ಸದ್ಯಕ್ಕ ಇಲಿ ಕಾಟ ತಪ್ಪಲಿ. ಹುಲಿದು ಆಮ್ಯಾಲೆ ನೋಡೋಣಂತ."

ನಾನೂ ನಕ್ಕೆ. ಬಸ್ಸಿನಲ್ಲಿ ಕುಳಿತ ಮೇಲೆ ಆ ಮಾತನ್ನು ಮತ್ತೆ ನೆನೆದೆ. ಅವರು ಮೂಢರಾಗಿರಲಿಲ್ಲ. ತರುತ್ತಿರುವುದು ಹುಲಿಯನ್ನೇ ಎಂಬುದು ಅವರಿಗೆ ಗೊತ್ತಿತ್ತು.

ಕೆಲವು ವಾರಗಳ ನಂತರ ಸಂಘದ ಮುಂದೆ ನಾಯಕರ ಫೋಟೋ ಅಂಟಿಸಿದ ನೂಲಿನ ಲಾರಿ ಬಂದು ನಿಂತಿತು. ಅಮಾವಾಸ್ಯೆಯಲ್ಲ, ವಾರದ ನಡುವಿನ ಒಂದು ಬೆಳಿಗ್ಗೆ. ಬಾಗಿಲ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಠರಾವಿನ ಪುಸ್ತಕ. ಎಲ್ಲರೂ ಸಾಲಿನಲ್ಲಿ ನಿಂತಿದ್ದರು. ಮೊದಲು ಸಹಿ, ಆಮೇಲೆ ನೂಲು ಎಂದು ಗುಮಾಸ್ತ ಹೇಳಿದ. ಅಪ್ಪ ನನ್ನನ್ನು ಕರೆದ: "ಓದು ತಂಗಿ, ಏನ ಬರದಾರ ಕೇಳೋಣು."

ಓದಿದೆ. ಸದಸ್ಯರು ಆರಿಸಿದ ಆಡಳಿತ ಮಂಡಳಿಯನ್ನು ಸದಸ್ಯರೇ ವಿಸರ್ಜಿಸುತ್ತಾರೆ. ಮುಂದಿನ ಆದೇಶದವರೆಗೆ ಚುನಾವಣೆ ಇರುವುದಿಲ್ಲ. ಸಭೆಯ ಎಲ್ಲ ಅಧಿಕಾರ, ನಾಯಕರು ಸೂಚಿಸಿದ ಆಡಳಿತಾಧಿಕಾರಿಗೆ. ಇದಕ್ಕೆ ಆಧಾರ ನೇಕಾರರ ಕೋರಿಕೆಯೇ ಎಂದು ಬರೆದು, ಕೆಳಗೆ ನನ್ನ ಅರ್ಜಿಯ ಕಡೆಯ ಸಾಲನ್ನು ಅಕ್ಷರವೂ ತಪ್ಪದೆ ಇಳಿಸಿದ್ದರು. ಯಾವ ಕ್ರಮದಿಂದಾದರೂ ಸರಿ. ಯಾರ ಮೂಲಕವಾದರೂ ಸರಿ.

ಸಾಲಿನಲ್ಲಿ ನಿಂತವರಿಗೆ ಬಿಡಿಸಿ ಹೇಳಿದೆ. "ಇನ್ನ ಮ್ಯಾಲೆ ಕೈ ಎತ್ತೂದು ಇರಂಗಿಲ್ಲ. ಕೇಳೂದು ಇರಂಗಿಲ್ಲ. ತಿಳೀತೇನ್ರಿ?"

"ಕೈ ಎತ್ತಿ ಎತ್ತಿ ರಟ್ಟಿ ನೊಂದಾವವ್ವಾ," ಎಂದಳು ಮುಂದೆ ನಿಂತ ಒಬ್ಬ ಮುದುಕಿ. "ನೂಲು ಬಂತೇನ?"

ಸಾಲು ಸರಿಯಿತು. ಅಪ್ಪ ಸಹಿ ಹಾಕಿದ. ಕಾಕಾ ಹಾಕಲಿಲ್ಲ. ನೀಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಾಲಿನಿಂದ ಈಚೆ ಬಂದ. ಅವನ ಬಣ್ಣದ ಹಂಡೆಯ ಕೆಳಗೂ ಬೆಂಕಿ ಆರಿ ಬಹಳ ದಿನಗಳಾಗಿದ್ದವು.

ಮನೆಗೆ ಬಂದ ಮೇಲೆ ನಾನು ಅಪ್ಪನ ಮೇಲೆ ಹರಿಹಾಯ್ದೆ. "ನಿಮಗ ಮೋಸ ಮಾಡ್ಯಾರ."

"ಮೋಸ ಅನಬ್ಯಾಡ. ನೀ ಓದಿ ಹೇಳಿದಿ, ನಾ ತಿಳದ ಹಾಕೀನಿ," ಅಪ್ಪ ನೂಲು ಬಿಡಿಸುತ್ತಲೇ ಹೇಳಿದ. "ಅಂಗಡ್ಯಾಗ ಸೀರಿ ಮಡಚುವಾಗ ನನಗ ಓಟು ಇತ್ತಲ್ಲ, ಅದು ಏನ ಮಾಡ್ತು?"

ಅವ್ವ ಒಲೆಯ ಮುಂದಿನಿಂದಲೇ ಮಾತು ಎಸೆದಳು: "ಖಾಲಿ ಮಗ್ಗದ ಕುಣ್ಯಾಗ ಒಂದ ದಿನ ಕಾಲು ಇಳಿಬಿಟ್ಟು ಕುಂಡ್ರು. ಆಮ್ಯಾಲೆ ಭಾಷಣ ಮಾಡಿಯಂತ."

ನಾನು ಎದ್ದು ಹೊರಗೆ ಹೋದೆ. ಬೆಟಗೇರಿಯಿಂದ ಗದಗಿನವರೆಗೆ ನಡೆದೆ, ಅಲ್ಲಿಂದ ಮರಳಿ ನಡೆದೆ. ಬಡವರು ಭಾಷಣಕ್ಕೆ ಮರುಳಾಗುತ್ತಾರೆ ಎಂಬ ಪಾಠವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಅಪ್ಪ ಮರುಳಾಗಿರಲಿಲ್ಲ. ನೂಲು ಅಥವಾ ಮತ, ಎರಡರಲ್ಲಿ ಒಂದು ಎಂದು ಅವನ ಮುಂದೆ ಇಟ್ಟಿದ್ದರು. ಅವನು ಮಗ್ಗವನ್ನು ಆರಿಸಿಕೊಂಡಿದ್ದ. ನಾನು ಸಿಟ್ಟಾಗಬೇಕಾದದ್ದು ಹಾಗೆ ಇಟ್ಟವರ ಮೇಲೆ. ಆ ತಕ್ಕಡಿಗೆ ಮೊದಲ ಕಲ್ಲು ಹಾಕಿದ್ದು ನನ್ನ ವಾಕ್ಯ ಎಂಬುದೂ ಅಂದಿನಿಂದ ನನ್ನನ್ನು ಕೂತಲ್ಲಿ ಕೂರಗೊಡುತ್ತಿಲ್ಲ.

ಅಪ್ಪ ತನ್ನ ಪಾಲಿನ ಬಿಳಿ ನೂಲನ್ನು ಕಾಕಾನ ಹತ್ತಿರವೇ ಬಣ್ಣಕ್ಕೆ ಕೊಟ್ಟ. ಮಗ್ಗ ಮತ್ತೆ ನಡೆಯಿತು. ಆದರೆ ನೂಲು ಕೆಟ್ಟದ್ದು. ನಾಲ್ಕು ಬೆರಳು ನೇಯುವಷ್ಟರಲ್ಲಿ ಎಳೆ ಹರಿಯುತ್ತದೆ, ಅಪ್ಪ ಗಂಟು ಹಾಕುತ್ತಾನೆ, ಮತ್ತೆ ಹರಿಯುತ್ತದೆ. ಗಂಟು ಕಂಡ ಸೀರೆಯನ್ನು ಸಂಘ ತಿರಸ್ಕರಿಸುತ್ತದೆ. ಕೇಳಲು ಹೋದರೆ ಗುಮಾಸ್ತ ಗೋಡೆಯ ಮೇಲಿನ ನಾಯಕರ ಫೋಟೋ ತೋರಿಸಿ, "ಅವರಿಗೆ ಹೇಳ್ರಿ," ಎನ್ನುತ್ತಾನೆ.

ಕಳೆದ ಅಮಾವಾಸ್ಯೆಯ ಮಧ್ಯಾಹ್ನ ಅಪ್ಪ ಸ್ನಾನ ಮಾಡಿ ಬಿಳಿ ಟೊಪ್ಪಿಗೆ ಇಟ್ಟುಕೊಂಡ. ಎಲ್ಲಿಗೆ ಎಂದು ಅವ್ವ ಕೇಳಲಿಲ್ಲ. ನಾನು ಹಿಂದೆ ಹೋದೆ. ಸಭೆ ಇಲ್ಲದ್ದರಿಂದ ಅಂದು ಸಂಘದ ಬಾಗಿಲಿಗೆ ಬೀಗ ಬಿದ್ದಿತ್ತು. ಕಟ್ಟೆಯ ಮೇಲೆ ಕಾಕಾ ಆಗಲೇ ಕುಳಿತಿದ್ದ. ಪ್ರತಿ ಅಮಾವಾಸ್ಯೆಗೂ ಬಂದು ಕೂರುತ್ತಾನಂತೆ.

"ಬಾ ಡೈರೆಕ್ಟರ್ ಸಾಹೇಬ," ಎಂದ ಕಾಕಾ. ಅಪ್ಪ ಹಿಂದೆ ಒಂದು ಅವಧಿಗೆ ಮಂಡಳಿಯ ನಿರ್ದೇಶಕನಾಗಿದ್ದ. "ಇಬ್ಬರಾದ್ವಿ. ಸಭಿ ಚಾಲೂ ಮಾಡೋಣೇನ?"

"ಸಹಿ ಹಾಕಿದಾವ ನಾನು. ನನಗ ಮಾತಾಡೂ ಹಕ್ಕು ಐತೇನ?"

"ಸಹಿ ಹಾಕೀದಿ, ಅದಕ್ಕ ನೀನ ಮೊದಲು ಮಾತಾಡಬೇಕು."

ಅಪ್ಪ ಕಟ್ಟೆ ಹತ್ತಿ ಕಾಕಾನ ಪಕ್ಕ ಕುಳಿತ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ ಅರ್ಜಿ ಬರಿ. ಈ ಸಲ ಕಡೀ ಮಾತು ನಾ ಹೇಳ್ತೀನಿ," ಎಂದ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ಮತ್ತು ನಾಯಕರಲ್ಲಿ ನನ್ನ ವಿನಂತಿ. ನೂಲು ಏಕೆ ನಿಂತಿತು, ಯಾರ ಆದೇಶದಿಂದ ನಿಂತಿತು, ಸಹಿಯ ಪುಸ್ತಕ ಸಿದ್ಧವಾದ ದಿನವೇ ಅದು ಹೇಗೆ ಬಂತು ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ನನ್ನ ಹಿಂದಿನ ಅರ್ಜಿಯ ಕಡೆಯ ವಾಕ್ಯವನ್ನು ನಾನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಅದರ ಮೇಲೆ ನಿಂತ ಠರಾವನ್ನು ರದ್ದುಪಡಿಸಿ ಮಂಡಳಿಯ ಚುನಾವಣೆಯನ್ನು ಘೋಷಿಸಬೇಕು. ಯಾವ ಸಹಿಯನ್ನೂ ಕೇಳದೆ ಒಳ್ಳೆಯ ನೂಲು ಹಂಚಬೇಕು. ಬರುವ ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಮೊದಲು ಸಂಘದ ಬೀಗ ತೆರೆಯಬೇಕು, ನೀವೂ ಬಂದು ಕಟ್ಟೆಯ ಮೇಲೆ ಕೂರಬೇಕು. ಸದಸ್ಯರು ಎದ್ದುನಿಂತು ಕೇಳುತ್ತಾರೆ.

ಕಡೆಯ ಮಾತು ಅಪ್ಪನದು, ಅವನು ಹೇಳಿದಂತೆಯೇ ಬರೆದಿದ್ದೇನೆ: "ನೂಲೂ ಬೇಕು, ಸಭಿನೂ ಬೇಕು. ಎರಡರಾಗ ಒಂದು ತಗೋ ಅಂತ ಇನ್ನೊಮ್ಮೆ ನಮಗ ಕೇಳಬ್ಯಾಡ್ರಿ."