ಹಿಡಿಕೆ ಮುರಿದ ಚಹಾದ ಕಪ್ಪು

ರಹಿಮಾನ್ ಮಾಸ್ತರರೇ, ಆ ಹಿಡಿಕೆ ಮುರಿದ ಕಪ್ಪನ್ನು ನಿಮ್ಮ ಮುಂದೆ ಇಡಲು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಯಜಮಾನರು ಹೇಳಿದರೆಂದು ನೀವು ತಿಳಿದಿರಿ. ನಾನು ತಿದ್ದಲಿಲ್ಲ. ಆ ಯೋಚನೆ ನನ್ನದೇ.

ನಿಜಾಮರ ಕಾಲ. ಕೊಪ್ಪಳದ ನಮ್ಮ ಪಡಸಾಲೆಯಲ್ಲಿ ವಕೀಲರಾದ ನಮ್ಮ ಯಜಮಾನರ ಸಭೆ ಕೂಡುತ್ತಿತ್ತು. ಸರಕಾರದ ಕಡೆಗೂ ಅಲ್ಲ, ಬೆಂಕಿ ಹಚ್ಚುವವರ ಕಡೆಗೂ ಅಲ್ಲ, ನಡುವಿನ ದಾರಿ ನಮ್ಮದು ಎನ್ನುತ್ತಿದ್ದರು. ಕಾನ್ವೆಂಟಿನಲ್ಲಿ ಕಲಿತು ಬಂದ ನಾನು, ಅತ್ತೆ ಎಷ್ಟು ಗೊಣಗಿದರೂ, ಎಲ್ಲರಿಗೂ ನೀಲಿ ಹೂವಿನ ಒಂದೇ ಜೋಡಿನ ಕಪ್ಪು-ಬಸಿಯಲ್ಲಿ ಚಹಾ ಕೊಡುತ್ತಿದ್ದೆ. ನಿಮಗೂ. ಅದು ನನ್ನ ಹೆಮ್ಮೆ — ನೀವು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಿರಿ.

ಆಮೇಲೆ ಕುಷ್ಟಗಿಯ ಶಂಕ್ರಪ್ಪ ಬಂದ. ಸಂತೆಯಲ್ಲಿ ಬಂಡಿಯ ಮೇಲೆ ನಿಂತು, "ವಕೀಲರದು ಎಂಥಾ ಪಕ್ಷ ಗೊತ್ತೇನ್ರಪಾ? ಸಾಬರ ಎಂಜಲಾ ಕುಡಿಯೋ ಪಕ್ಷ" ಎಂದ. ಜನ ನಕ್ಕು ಅವನ ಹಿಂದೆ ನಡೆದರು. ನಮ್ಮ ಜಮಖಾನೆ ಅರ್ಧ ಖಾಲಿಯಾಯಿತು.

ನಮ್ಮವರು ಉಣ್ಣದೆ ರೊಟ್ಟಿ ಮುರಿಯುತ್ತ ಕೂತಿದ್ದರು. ನಾನೆಂದೆ, "ಮಾಸ್ತರಗ ಕಪ್ಪ ಬ್ಯಾರೆ ಇಡ್ತೀನ್ರಿ. ಏನೂ ಅನ್ನಂಗಿಲ್ಲ ಅವರು, ಭಾಳ ಒಳ್ಳೇವ್ರು."

ಅವರು ತಲೆ ಎತ್ತಲಿಲ್ಲ. "ಬಾಗಲಾ ತಗದಿಡು. ಮಂದಿ ನೋಡ್ಲಿ."

ಮುಂದಿನ ಸಭೆಗೆ ಅಂಗಳದಲ್ಲೂ ಜನ. ಎಲ್ಲರಿಗೂ ನೀಲಿ ಹೂವು. ನಿಮಗೆ ದನದ ಕೊಟ್ಟಿಗೆಯ ಮಾಡದಲ್ಲಿ ಬಿದ್ದಿದ್ದ ಆ ಕಪ್ಪು. ಯಾರೋ ಕಿಸಕ್ಕನೆ ನಕ್ಕರು. ನೀವು ಕೊನೆಯ ಗುಟುಕಿನವರೆಗೂ ಕುಡಿದಿರಿ. ಹಿತ್ತಲಿಗೆ ಹೋಗಿ ನೀವೇ ತೊಳೆದು, ಬೋರಲು ಹಾಕಿ, "ಚಹಾ ಛಲೋ ಆಗಿತ್ರಿ ಅಕ್ಕಾರ" ಅಂದಿರಿ. ನಾನು ನಕ್ಕೆ. ಆ ನಗು ಈಗಲೂ —

ಅಂದು ನೋಡಲು ಬಂದವರು ನೋಡಿಕೊಂಡು ಹೋದರು, ಮತ್ತೆ ಸಭೆಗೆ ಬರಲಿಲ್ಲ. ಕಪ್ಪು ಬೇರೆ ಮಾಡಿದವರು ಮನುಷ್ಯನನ್ನೂ ಬೇರೆ ಮಾಡಲಿ ಎಂದ ಶಂಕ್ರಪ್ಪ. ನಡುವಿನ ದಾರಿ ಉಳಿಸಲೆಂದು ಸಭೆ ನಿಮ್ಮನ್ನು ಕೈಬಿಟ್ಟಿತು.

ಗಲಾಟೆಯ ದಿನಗಳಲ್ಲಿ ಅವನ ಮಂದಿ ಊರು ಬಿಡೆಂದು ನಿಮ್ಮ ಬಾಗಿಲಿಗೆ ಬಂದರು. ಎದುರಿನ ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನಾನು ಕೇಳುತ್ತಿದ್ದೆ. "ನಾ ಎಂಥಾವ ಅಂತ ವಕೀಲರನ್ನ ಕೇಳ್ರಿ" ಅಂದಿರಿ.

ಶಂಕ್ರಪ್ಪ ಹೇಳಿದ, "ಅವರನ್ಯಾಕ ಕೇಳೂದು? ಅವರ ಹೆಂಡ್ತಿ ಎಂಥಾ ಕಪ್ಪಿನ್ಯಾಗ ಕೊಟ್ಟಾಳ, ನೋಡೇವಲ್ಲ."

ನಿಮ್ಮ ಹೆಂಡತಿ ಬಂಡಿಯಲ್ಲಿ ಹಾಸಿಗೆಯ ಗಂಟಿನ ಮೇಲೆ ಕೂತಿದ್ದಳು. ಬಂಡಿ ಹೊರಡುವಾಗ ನೀವು ನಮ್ಮ ಬಾಗಿಲತ್ತ ಒಮ್ಮೆ ನೋಡಿದಿರಿ.

ಮಂದಿ ನೋಡಲೆಂದು ಅಂದು ತೆರೆದಿಟ್ಟ ಬಾಗಿಲು ಅದು. ಈ ಸಲ ಒಳಗಿನಿಂದ ಚಿಲಕ ಹಾಕಿದವಳೂ ನಾನೇ.